ಕೊಟ್ಟವನ ಖಾತೆ: ಹೋಮ್‌ವರ್ಕ್ ಹಂಚಿಕೆಯ ಚರಿತ್ರೆ

ಚರಿತ್ರೆಯೆಂದರೆ ಅರಸುಮನೆತನಗಳ, ಯುದ್ಧಗಳ, ಒಪ್ಪಂದಗಳ ಕಥೆ ಎಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಬೆಳಗ್ಗೆ ಗಂಟೆ ಬಾರಿಸುವ ಮೊದಲು ಶಾಲೆಯ ಜಗಲಿಯಲ್ಲಿ ಕುಳಿತು ಒಬ್ಬ ಹುಡುಗ ತನ್ನ ಲೆಕ್ಕದ ಪುಸ್ತಕವನ್ನು ಇನ್ನೊಬ್ಬನ ಮುಂದೆ ಬಿಚ್ಚಿಡುವುದನ್ನು ಯಾವ ಚರಿತ್ರೆಕಾರನೂ ಬರೆದಿಡುವುದಿಲ್ಲ. ಆದರೆ ಅದೇ ಕೊಡುಕೊಳ್ಳುವಿಕೆ ಕಳೆದ ಐವತ್ತು ವರ್ಷಗಳಲ್ಲಿ ಜಗಲಿಯಿಂದ ಕಂಪ್ಯೂಟರಿಗೆ ಏರಿತು. ಕೋಟಿಗಟ್ಟಲೆ ಮಕ್ಕಳನ್ನು ಒಳಗೊಂಡಿತು. ಶೇರುಪೇಟೆಯಲ್ಲಿ ದೊಡ್ಡ ಬೆಲೆ ಪಡೆದು, ಆ ಬೆಲೆಯನ್ನು ಕಳೆದುಕೊಂಡದ್ದೂ ಆಯಿತು. ಇಷ್ಟಾದ ಮೇಲೆ ಅದಕ್ಕೊಂದು ಚರಿತ್ರೆ ಉಂಟೆಂದು ಒಪ್ಪಲೇಬೇಕು.

ನನ್ನ ವೃತ್ತಿ ಬ್ಯಾಂಕಿನ ಗುಮಾಸ್ತಿಕೆ. ಯಾರ ಹೆಸರಿಗೆ ಏನು ಜಮಾ ಆಯಿತು, ಯಾರ ಖಾತೆಯಿಂದ ಏನು ಖರ್ಚಾಯಿತು ಎಂದು ನೋಡುವುದು ನಿತ್ಯದ ಅಭ್ಯಾಸ. ಹೋಮ್‌ವರ್ಕ್ ಹಂಚಿಕೆಯ ಈ ಚರಿತ್ರೆಯನ್ನೂ ಅದೇ ಕಣ್ಣಿನಿಂದ ನೋಡಿದರೆ ಒಂದು ಪ್ರಶ್ನೆ ಎದುರಾಗುತ್ತದೆ. ಒಬ್ಬ ವಿದ್ಯಾರ್ಥಿ ಇನ್ನೊಬ್ಬನಿಗೆ ಉತ್ತರ ಕೊಟ್ಟಾಗ ಕಲಿಕೆ ಜಮಾ ಆಗುವುದು ಯಾರ ಖಾತೆಗೆ? ಪಡೆದವನ ಖಾತೆಗೆಂದು ಮೇಲ್ನೋಟಕ್ಕೆ ತೋರುತ್ತದೆ. ಚರಿತ್ರೆ ಹೇಳುವುದು ಬೇರೆ.

ಮರಳಿನ ಮೇಲಿನ ಅಕ್ಷರ

ವಿದ್ಯಾರ್ಥಿಯೇ ವಿದ್ಯಾರ್ಥಿಗೆ ಹೇಳಿಕೊಡುವ ಕ್ರಮ ಕಂಪ್ಯೂಟರಿಗಿಂತ ಬಹಳ ಹಳೆಯದು. ನಮ್ಮ ಕಡೆಯ ಐಗಳ ಮಠಗಳಲ್ಲೂ ಮಲಯಾಳ ನಾಡಿನ ಎಳುತ್ತುಪಳ್ಳಿಗಳಲ್ಲೂ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಗುರುಗಳು ಒಬ್ಬರೇ, ಮಕ್ಕಳು ಹಲವು ವಯಸ್ಸಿನವರು. ಮುಂದೆ ಹೋದ ಹುಡುಗ ಹಿಂದೆ ಉಳಿದವನ ಬೆರಳು ಹಿಡಿದು ತಿದ್ದಿಸುವುದು ಅಲ್ಲಿ ಸಹಜವಾಗಿತ್ತು.

1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಮಕ್ಕಳ ಶಾಲೆಗೆ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮೇಲ್ವಿಚಾರಕನಾದ. ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ ಆತ ತನ್ನ ಶಾಲೆಯಲ್ಲೂ ಅದನ್ನು ತರಲು ಹೊರಟ. ಶಾಲೆಯ ಉಪಾಧ್ಯಾಯರು ಒಪ್ಪದಿದ್ದಾಗ ಎಂಟು ವರ್ಷದ ಒಬ್ಬ ಹುಡುಗನನ್ನೇ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಲು ನೇಮಿಸಿದ. ಪ್ರಯೋಗ ಫಲಿಸಿತು. 1797ರಲ್ಲಿ ಬೆಲ್ ಅದರ ವರದಿಯನ್ನು ಲಂಡನ್ನಿನಲ್ಲಿ ಪ್ರಕಟಿಸಿದ ಮೇಲೆ ಇಂಗ್ಲೆಂಡಿನ ಸಾವಿರಾರು ಶಾಲೆಗಳಲ್ಲಿ ಅದು ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದಲೇ ಬಳಕೆಗೆ ಬಂತು. 1799ರಿಂದ 1956ರ ತನಕ ಮದರಾಸಿನ ಆಡಳಿತದಲ್ಲಿದ್ದ ಕಾಸರಗೋಡಿನವರಾದ ನಾವು ಈ ಹೆಸರನ್ನು ನೆನಪಿಡುವುದು ಯೋಗ್ಯ.

ಬೆಲ್ಲನ ಉದ್ದೇಶ ಮುಖ್ಯವಾಗಿ ಖರ್ಚು ಉಳಿಸುವುದಾಗಿತ್ತು ಎಂಬ ಟೀಕೆ ಉಂಟು. ಆದರೆ ಅವನು ಕಂಡುಕೊಂಡ ಒಂದು ಸಂಗತಿ ಮಾತ್ರ ಗಟ್ಟಿಯಾಗಿ ನಿಂತಿದೆ: ಕಲಿಸುವ ಹುಡುಗ ತಾನೂ ಕಲಿಯುತ್ತಾನೆ. 1980ರಲ್ಲಿ ಜಾನ್ ಬಾರ್ಗ್ ಮತ್ತು ಯಾಕೋವ್ ಶುಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗಕ್ಕೆ ಒಡ್ಡಿದರು. ಪರೀಕ್ಷೆಗೆಂದು ಓದಿದವರಿಗಿಂತ ಇನ್ನೊಬ್ಬರಿಗೆ ಕಲಿಸಬೇಕೆಂದು ಓದಿದವರಿಗೆ ವಿಷಯ ಹೆಚ್ಚು ಚೆನ್ನಾಗಿ ತಿಳಿದಿತ್ತು.

ಇದಕ್ಕೆ ವಿರುದ್ಧವಾದದ್ದು ಕಾಪಿ. ಈ ವಿಷಯದಲ್ಲಿ ನಮ್ಮ ಎರಡು ಭಾಷೆಗಳಿಗೂ ಒಂದೇ ಅಭಿಪ್ರಾಯ ಇದ್ದಂತಿದೆ. ಕನ್ನಡದಲ್ಲಿ ನಾವು ಕಾಪಿ ‘ಹೊಡೆಯುತ್ತೇವೆ’. ಮಲಯಾಳದಲ್ಲಿ ಅದು ‘ಕೋಪ್ಪಿಯಡಿ’. ಎರಡರಲ್ಲೂ ಇರುವುದು ಪೆಟ್ಟು. ಪೆಟ್ಟು ಬೀಳುವುದು ಯಾರಿಗೆ ಎಂಬುದನ್ನು ಮುಂದೆ ನೋಡೋಣ.

ಮೊದಲ ಕೂಟಗಳು

1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ ಎಂಬವರ ನೇತೃತ್ವದಲ್ಲಿ ‘ಪ್ಲೇಟೋ’ ಎಂಬ ಹೆಸರಿನ ಕಂಪ್ಯೂಟರ್ ವ್ಯವಸ್ಥೆ ಆರಂಭವಾಯಿತು. ಪ್ರತಿಯೊಬ್ಬ ವಿದ್ಯಾರ್ಥಿಗೂ ಯಂತ್ರವೇ ಒಬ್ಬೊಬ್ಬನಾಗಿ ಪಾಠ ಹೇಳಬೇಕು ಎಂಬುದು ಅದರ ಕಲ್ಪನೆ. 1973ರಲ್ಲಿ ಅಲ್ಲಿ ಕೆಲಸಮಾಡುತ್ತಿದ್ದ ಡೇವಿಡ್ ವೂಲಿ ಎಂಬ 17 ವರ್ಷದ ತರುಣ, ವ್ಯವಸ್ಥೆಯಲ್ಲಿ ಕಂಡ ದೋಷಗಳನ್ನು ಬಳಕೆದಾರರು ಬರೆದು ತಿಳಿಸಲೆಂದು ‘ನೋಟ್ಸ್’ ಎಂಬ ಸೌಕರ್ಯವನ್ನು ರಚಿಸಿದ. ಒಬ್ಬರು ಬರೆದ ಟಿಪ್ಪಣಿಯ ಕೆಳಗೆ ಇನ್ನೊಬ್ಬರು ಉತ್ತರ ಬರೆಯಬಹುದಾಗಿತ್ತು. ಸ್ವಲ್ಪ ಸಮಯದಲ್ಲೇ ವಿದ್ಯಾರ್ಥಿಗಳು ಅದನ್ನು ತಮ್ಮ ಜಗಲಿಯನ್ನಾಗಿ ಮಾಡಿಕೊಂಡರು. ಯಂತ್ರದೊಡನೆ ಒಂಟಿಯಾಗಿ ಕುಳ್ಳಿರಿಸಿದ ಮಕ್ಕಳು ಯಂತ್ರವನ್ನು ದಾಟಿ ಒಬ್ಬರನ್ನೊಬ್ಬರು ಹುಡುಕಿಕೊಂಡರು. ಕಂಪ್ಯೂಟರಿನ ಮೂಲಕ ಕೂಡಿದ ವಿದ್ಯಾರ್ಥಿಗಳ ಮೊದಲ ಸಮುದಾಯಗಳಲ್ಲಿ ಇದೂ ಒಂದು.

1979ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ‘ಯೂಸ್‌ನೆಟ್’ ಎಂಬ ಜಾಲವನ್ನು ರೂಪಿಸಿದರು. ಗಣಿತ, ವಿಜ್ಞಾನ, ಕಂಪ್ಯೂಟರ್ ಭಾಷೆಗಳು ಹೀಗೆ ವಿಷಯಕ್ಕೊಂದರಂತೆ ಅದರಲ್ಲಿ ಚರ್ಚಾ ಗುಂಪುಗಳಿದ್ದವು. ಪ್ರತಿ ಸೆಪ್ಟೆಂಬರಿನಲ್ಲಿ ಕಾಲೇಜಿಗೆ ಹೊಸದಾಗಿ ಸೇರಿದವರು ಈ ಗುಂಪುಗಳಿಗೆ ನುಗ್ಗಿ ಪ್ರಶ್ನೆಗಳನ್ನು ಸುರಿಯುವುದು, ಹಳಬರು ಅವರಿಗೆ ಗುಂಪಿನ ಮರ್ಯಾದೆಗಳನ್ನು ಕಲಿಸುವುದು ವಾರ್ಷಿಕ ಆಚರಣೆಯಂತೆ ನಡೆಯುತ್ತಿತ್ತು. ಆ ಮರ್ಯಾದೆಗಳಲ್ಲಿ ಒಂದು ಮುಖ್ಯವಾದದ್ದು: ಹೋಮ್‌ವರ್ಕಿನ ಉತ್ತರ ಕೇಳಬಾರದು, ಎಲ್ಲಿ ತೊಡಕಾಯಿತೆಂದು ಕೇಳಬಹುದು. ಸುಳಿವು ಕೊಡುವವರು ಬೇಕಾದಷ್ಟು ಜನ ಇದ್ದರು. ಸಿದ್ಧ ಉತ್ತರ ಕೊಡುವವನಿಗೆ ಮಾತ್ರ ಉಳಿದವರ ಬೈಗಳು ಕಾದಿರುತ್ತಿತ್ತು.

ಡಾಕ್ಟರ್ ಮ್ಯಾತ್

ಈ ಮರ್ಯಾದೆಯನ್ನು ಶಾಲೆಯ ಮಕ್ಕಳ ಮಟ್ಟಕ್ಕೆ ತಂದು ಒಂದು ಸಂಸ್ಥೆಯನ್ನಾಗಿ ಮಾಡಿದ ಕೀರ್ತಿ ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿಗೆ ಸಲ್ಲುತ್ತದೆ. ಅಲ್ಲಿನ ಗಣಿತ ವೇದಿಕೆ 1994ರಲ್ಲಿ ‘ಆಸ್ಕ್ ಡಾಕ್ಟರ್ ಮ್ಯಾತ್’ ಎಂಬ ಸೇವೆಯನ್ನು ಆರಂಭಿಸಿತು. ಯಾವುದೇ ಶಾಲೆಯ ಮಗು ಇಮೇಲಿನಲ್ಲಿ ಲೆಕ್ಕದ ಪ್ರಶ್ನೆ ಕಳುಹಿಸಬಹುದು. ಕಾಲೇಜಿನ ವಿದ್ಯಾರ್ಥಿಗಳು ಸಂಬಳವಿಲ್ಲದೆ ಉತ್ತರ ಬರೆಯುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಹೆಸರಿನ ಹಿಂದೆ ‘ಡಾಕ್ಟರ್’ ಎಂದು ಸೇರಿಸಿಕೊಂಡು ಸಹಿ ಮಾಡುವುದು ಅಲ್ಲಿನ ತಮಾಷೆ. ಮಗು ಎಲ್ಲಿಯ ತನಕ ಬಂದು ನಿಂತಿದೆ ಎಂದು ನೋಡಿ, ಅಲ್ಲಿಂದ ಮುಂದಿನ ಒಂದು ಹೆಜ್ಜೆಯನ್ನು ತೋರಿಸುವುದು ಅವರ ಕ್ರಮ. ಒಳ್ಳೆಯ ಉತ್ತರಗಳನ್ನು ವಿಂಗಡಿಸಿ ಎಲ್ಲರಿಗೂ ಪುಕ್ಕಟೆಯಾಗಿ ಓದಲು ಇಡಲಾಯಿತು. ಮುಂದೆ ಈ ವೇದಿಕೆ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದ ಕೈಗೂ, ಅನಂತರ ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಲಿಯ ಕೈಗೂ ಹೋಯಿತು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರಕಿದ್ದು 1995ರ ಆಗಸ್ಟ್ 15ರಂದು, ಅದೂ ದೊಡ್ಡ ನಗರಗಳಲ್ಲಿ. ಆಗ ನಮ್ಮಲ್ಲಿ ನಡೆಯುತ್ತಿದ್ದುದು ಜೆರಾಕ್ಸ್ ಯುಗ. ಒಳ್ಳೆಯ ಅಕ್ಷರದ ಹುಡುಗಿಯೊಬ್ಬಳ ನೋಟ್ಸು ತರಗತಿಯ ಅರ್ಧದಷ್ಟು ಜನರ ಕೈಗೆ ಹೋಗಿ, ಮೂರನೆಯ ಪ್ರತಿಯ ಪ್ರತಿಯಾಗುವಾಗ ಒತ್ತಕ್ಷರಗಳೆಲ್ಲ ಮಸಿಯ ಚುಕ್ಕೆಗಳಾಗುತ್ತಿದ್ದವು. ಆ ನೋಟ್ಸಿನಿಂದ ಎಲ್ಲರೂ ಪಾಸಾದರು. ಪಾಠ ನೆನಪಿನಲ್ಲಿ ಉಳಿದದ್ದು ಬಹುಶಃ ಆ ಹುಡುಗಿಗೆ ಮಾತ್ರ.

ಪ್ರಬಂಧದ ಅಂಗಡಿ

ಡಾಕ್ಟರ್ ಮ್ಯಾತ್ ಹುಟ್ಟಿದ ಎರಡೇ ವರ್ಷಕ್ಕೆ ಇನ್ನೊಂದು ದಾರಿಯೂ ತೆರೆಯಿತು. 1996ರಲ್ಲಿ ಕೆನ್ನಿ ಸಾರ್ ಎಂಬ ಅಮೆರಿಕದ ಯುವಕ ವಿದ್ಯಾರ್ಥಿಗಳು ಬರೆದ ಪ್ರಬಂಧಗಳನ್ನು ಸಂಗ್ರಹಿಸಿ ಪುಕ್ಕಟೆಯಾಗಿ ಹಂಚುವ ಜಾಲತಾಣ ತೆರೆದ. ಶಾಲೆಯನ್ನು ಹಳಿಯುವ ‘ಸ್ಕೂಲ್ ಸಕ್ಸ್’ ಎಂಬ ಹೆಸರನ್ನೇ ಅದಕ್ಕೆ ಇಟ್ಟ. ಇಲ್ಲಿ ಮಾತುಕತೆ ಇರಲಿಲ್ಲ. ಯಾರೋ ಇಟ್ಟುಹೋದದ್ದನ್ನು ಯಾರೋ ಎತ್ತಿಕೊಂಡು ಹೋಗುವ ವ್ಯವಸ್ಥೆ ಅದು. ಇಂಥ ತಾಣಗಳು ಬೆಳೆದಂತೆ ಕಳವು ಹಿಡಿಯುವ ವಿದ್ಯೆಯೂ ಬೆಳೆಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜಾನ್ ಬ್ಯಾರಿ ಮತ್ತು ಸಂಗಡಿಗರು 1990ರ ದಶಕದ ಕೊನೆಗೆ ಆರಂಭಿಸಿದ ಕೆಲಸ ‘ಟರ್ನಿಟಿನ್’ ಎಂಬ ಕಂಪೆನಿಯಾಗಿ, ವಿದ್ಯಾರ್ಥಿಗಳ ಪ್ರಬಂಧಗಳನ್ನು ಒಂದಕ್ಕೊಂದು ಹೋಲಿಸಿ ನಕಲನ್ನು ಪತ್ತೆಹಚ್ಚುವ ವ್ಯಾಪಾರ ಮಾಡಿತು. ಕದಿಯುವವನಿಗೂ ಹಿಡಿಯುವವನಿಗೂ ಬೇಕಾದ ಸರಕು ಒಂದೇ: ಮಕ್ಕಳು ಬರೆದ ಬರಹ. ಬರೆದ ಮಗುವಿನ ಹೆಸರು ಎರಡು ಕಡೆಯ ಲೆಕ್ಕಪುಸ್ತಕದಲ್ಲೂ ಇರಲಿಲ್ಲ.

ಕ್ರಾಕುವ್ ನಗರದ ಪಾಸ್‌ಬುಕ್

ಕೊಟ್ಟವನ ಹೆಸರಿಗೆ ಲೆಕ್ಕ ಇಡುವ ಪ್ರಯತ್ನವೂ ನಡೆದಿದೆ. 2009ರಲ್ಲಿ ಪೋಲೆಂಡಿನ ಕ್ರಾಕುವ್ ನಗರದಲ್ಲಿ ಮಿಹಾವ್ ಬೊರ್ಕೋವ್‌ಸ್ಕಿ ಮತ್ತು ಇಬ್ಬರು ಸಂಗಡಿಗರು ‘ಝದಾನೆ’ ಎಂಬ ತಾಣವನ್ನು ಆರಂಭಿಸಿದರು. ಆ ಪೋಲಿಷ್ ಶಬ್ದಕ್ಕೆ ಮೇಷ್ಟ್ರು ‘ಕೊಟ್ಟ ಕೆಲಸ’ ಎಂದರ್ಥ. ಇದೇ ಮುಂದೆ ‘ಬ್ರೇನ್ಲಿ’ ಆಯಿತು. ಅದರ ಕ್ರಮ ನಮ್ಮ ಪಾಸ್‌ಬುಕ್ಕಿನ ಹಾಗೆ. ಹೊಸದಾಗಿ ಸೇರಿದವನ ಖಾತೆಗೆ ಸ್ವಲ್ಪ ಅಂಕಗಳು ಜಮಾ ಆಗುತ್ತವೆ. ಪ್ರಶ್ನೆ ಕೇಳಿದರೆ ಅಂಕ ಖರ್ಚು, ಇನ್ನೊಬ್ಬರ ಪ್ರಶ್ನೆಗೆ ಉತ್ತರಿಸಿದರೆ ಅಂಕ ಜಮಾ. ಶಿಲ್ಕು ಮುಗಿದರೆ ಉತ್ತರ ಬರೆದೇ ಸಂಪಾದಿಸಬೇಕು. ಹೆಚ್ಚು ಬರೆದವರಿಗೆ ಪದವಿಗಳು. ಅವರಲ್ಲೇ ಕೆಲವರು ಸಂಬಳವಿಲ್ಲದೆ ತಪ್ಪು ಉತ್ತರಗಳನ್ನು ತೆಗೆದುಹಾಕುವ ಮೇಲ್ವಿಚಾರಕರು.

ತತ್ತ್ವದಲ್ಲಿ ಇದು ಮದರಾಸು ಪದ್ಧತಿಯೇ. ರಷ್ಯನ್, ಸ್ಪ್ಯಾನಿಷ್, ಪೋರ್ಚುಗೀಸ್, ಇಂಡೋನೇಷ್ಯನ್ ಹೀಗೆ ಹಲವು ಭಾಷೆಗಳಿಗೆ ಹರಡಿದ ಈ ತಾಣಕ್ಕೆ ಭಾರತದಲ್ಲೂ ಬಹಳ ಮಂದಿ ಸೇರಿದರು. 2020ರಲ್ಲಿ ತನಗೆ ತಿಂಗಳಿಗೆ 35 ಕೋಟಿ ಬಳಕೆದಾರರಿದ್ದಾರೆಂದು ಕಂಪೆನಿ ಹೇಳಿಕೊಂಡಿತು. ಆದರೆ ಪಾಸ್‌ಬುಕ್ಕಿಗೂ ಒಂದು ದೌರ್ಬಲ್ಯ ಉಂಟು: ಅದು ಅಂಕವನ್ನು ಎಣಿಸುತ್ತದೆ, ತಿಳಿವಳಿಕೆಯನ್ನು ಎಣಿಸಲಾರದು. ಅಂಕದ ಆಸೆಗೆ ಎಲ್ಲಿಂದಲೋ ಎತ್ತಿ ಅಂಟಿಸಿದ ಒಂದು ಸಾಲೂ ಉತ್ತರವೇ. ಕುಳಿತು ಬಿಡಿಸಿ ಹೇಳಿದ ಒಂದು ಪುಟವೂ ಉತ್ತರವೇ. ಮೇಲಾಗಿ ಒಮ್ಮೆ ಬರೆದಿಟ್ಟ ಉತ್ತರ ಹುಡುಕುಯಂತ್ರದಲ್ಲಿ ಸಿಗುವಂತಾದ ಮೇಲೆ ಖಾತೆ ತೆರೆಯುವ ಅಗತ್ಯವೇ ಬಹುಮಂದಿಗೆ ಉಳಿಯಲಿಲ್ಲ. ಬರೆಯುವವರು ಕೆಲವರು, ಎತ್ತಿಕೊಳ್ಳುವವರು ಅಸಂಖ್ಯ.

2010ರಲ್ಲಿ ಆರಂಭವಾದ ಗಣಿತದ ‘ಸ್ಟ್ಯಾಕ್ ಎಕ್ಸ್‌ಚೇಂಜ್’ ಈ ದೌರ್ಬಲ್ಯಕ್ಕೆ ಮದ್ದು ಹುಡುಕಿತು. ಪ್ರಶ್ನೆ ಕೇಳುವವನು ತಾನು ಏನು ಪ್ರಯತ್ನಿಸಿದೆ ಎಂದು ಮೊದಲು ಬರೆಯಬೇಕು. ಬರೆಯದಿದ್ದರೆ ಪ್ರಶ್ನೆಯನ್ನೇ ಮುಚ್ಚಿಬಿಡುವುದುಂಟು. ಯೂಸ್‌ನೆಟ್ಟಿನ ಹಳೆಯ ಮರ್ಯಾದೆಯೇ ಇಲ್ಲಿ ನಿಯಮವಾಯಿತು.

ಕೋಳಿ ಮತ್ತು ಮೊಟ್ಟೆ

ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಒಗಟಿನ ಎರಡು ಇಂಗ್ಲಿಷ್ ಶಬ್ದಗಳನ್ನು ಕೂಡಿಸಿ ಹೆಸರಿಟ್ಟುಕೊಂಡ ಕಂಪೆನಿ ‘ಚೆಗ್’. ಅಮೆರಿಕದ ಅಯೋವಾ ರಾಜ್ಯದ ವಿದ್ಯಾರ್ಥಿಗಳು ಹಳೆಯ ಸಾಮಾನು ಮಾರಿಕೊಳ್ಳುವ ತಾಣವಾಗಿ ಹುಟ್ಟಿ, ಅನಂತರ ಪಠ್ಯಪುಸ್ತಕಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರವಾಗಿ ಅದು ಬೆಳೆಯಿತು. 2010ರಲ್ಲಿ ‘ಕ್ರ್ಯಾಮ್‌ಸ್ಟರ್’ ಎಂಬ ಹೋಮ್‌ವರ್ಕ್ ತಾಣವನ್ನು ಕೊಂಡುಕೊಂಡಿತು. ಕ್ರ್ಯಾಮ್‌ಸ್ಟರಿನಲ್ಲಿ ಪರಸ್ಪರ ನೆರವಾದ ಸದಸ್ಯರಿಗೆ ಸಿಗುತ್ತಿದ್ದ ಅಂಕಗಳಿಗೆ ‘ಕರ್ಮ’ ಎಂಬ ನಮ್ಮ ಶಬ್ದವೇ ಹೆಸರಾಗಿತ್ತು. ಕಂಪೆನಿ ಕೈಬದಲಾದ ಮೇಲೆ ಕರ್ಮದ ಜಾಗಕ್ಕೆ ಚಂದಾ ಬಂತು. ತಿಂಗಳಿಗೆ ಸುಮಾರು 15 ಡಾಲರ್ ಕೊಟ್ಟರೆ ಪ್ರಶ್ನೆಗೆ ಪರಿಣತರು ಉತ್ತರಿಸುತ್ತಿದ್ದರು. ಈ ಪರಿಣತರಲ್ಲಿ ಬಹುಪಾಲು ಭಾರತದ ಪದವೀಧರರು. ಉತ್ತರಕ್ಕಿಷ್ಟು ಎಂದು ಕೂಲಿ ಪಡೆದು, ಸಮುದ್ರದಾಚೆಯ ವಿದ್ಯಾರ್ಥಿಗಳ ಲೆಕ್ಕಗಳನ್ನು ಬಿಡಿಸಿದವರು. ನೆರೆಹೊರೆಯ ಮಕ್ಕಳ ಪ್ರಶ್ನೆಗೆ ಉತ್ತರಿಸಬಹುದಾಗಿದ್ದ ವಿದ್ಯೆ ಹೀಗೆ ಇಲ್ಲಿಂದ ರಫ್ತಾಯಿತು. ಉದ್ಯೋಗವಿಲ್ಲದ ಪದವೀಧರನನ್ನು ಅದಕ್ಕಾಗಿ ದೂರುವಂತಿಲ್ಲ.

ಕೊರೋನಾ ಕಾಲದಲ್ಲಿ ಮನೆಯಲ್ಲೇ ಪರೀಕ್ಷೆ ಬರೆಯುವಂತಾದಾಗ ಈ ವ್ಯಾಪಾರ ಉಕ್ಕಿತು. ಥಾಮಸ್ ಲ್ಯಾಂಕಾಸ್ಟರ್ ಮತ್ತು ಕೊಡ್ರಿನ್ ಕೊಟಾರ್ಲಾನ್ ಎಂಬ ಸಂಶೋಧಕರು ವಿಜ್ಞಾನ, ಇಂಜಿನಿಯರಿಂಗಿನ ಐದು ವಿಷಯಗಳನ್ನು ಪರಿಶೀಲಿಸಿದರು. 2020ರ ಏಪ್ರಿಲಿನಿಂದ ಆಗಸ್ಟಿನ ವರೆಗೆ ಚೆಗ್ಗಿಗೆ ಬಂದ ಪ್ರಶ್ನೆಗಳು ಹಿಂದಿನ ವರ್ಷದ ಅದೇ ಅವಧಿಗಿಂತ ನೂರಕ್ಕೆ 196ರಷ್ಟು ಹೆಚ್ಚಿದ್ದವು. 2021ರ ಆರಂಭದಲ್ಲಿ ಕಂಪೆನಿಯ ಶೇರಿನ ಬೆಲೆ 100 ಡಾಲರನ್ನು ದಾಟಿತು.

ಪೆಟ್ಟು ಯಾರಿಗೆ ಬಿತ್ತು ಎಂಬುದಕ್ಕೆ ಉತ್ತರ ಇಲ್ಲಿ ದೊರೆಯುತ್ತದೆ. ರಟ್ಗರ್ಸ್ ವಿಶ್ವವಿದ್ಯಾನಿಲಯದ ಆರ್ನಾಲ್ಡ್ ಗ್ಲಾಸ್ ಮತ್ತು ಸಂಗಡಿಗರು ಹನ್ನೊಂದು ವರ್ಷ ತಮ್ಮ ತರಗತಿಗಳ 2,433 ವಿದ್ಯಾರ್ಥಿಗಳ ಹೋಮ್‌ವರ್ಕನ್ನೂ ಪರೀಕ್ಷೆಯ ಅಂಕಗಳನ್ನೂ ಹೋಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೋಮ್‌ವರ್ಕಿನಲ್ಲಿ ಹೆಚ್ಚು ಅಂಕ ಗಳಿಸಿ ಪರೀಕ್ಷೆಯಲ್ಲಿ ಕೆಳಗಿಳಿದವರು 2008ರಲ್ಲಿ ನೂರಕ್ಕೆ 14. 2017ರಲ್ಲಿ ನೂರಕ್ಕೆ 55. ತಾವೇ ಯೋಚಿಸಿ ಉತ್ತರ ಬರೆದವರಿಗೆ ಹೋಮ್‌ವರ್ಕ್ ಫಲ ಕೊಟ್ಟಿತ್ತು. ಅಂತರ್ಜಾಲದಿಂದ ಎತ್ತಿ ಬರೆದವರ ಪುಸ್ತಕ ತುಂಬಿತು, ಖಾತೆ ಬರಿದಾಗಿಯೇ ಉಳಿಯಿತು.

ಆಮೇಲಿನದು ಬೇಗ ಮುಗಿಯುವ ಕಥೆ. 2022ರ ನವೆಂಬರ್ 30ರಂದು ‘ಚಾಟ್‌ಜಿಪಿಟಿ’ ಬಂತು. ಪುಕ್ಕಟೆಯಾಗಿ, ಕ್ಷಣಾರ್ಧದಲ್ಲಿ ಯಂತ್ರವೇ ಉತ್ತರ ಹೇಳುವಾಗ ಚಂದಾ ಕಟ್ಟುವವರು ಯಾರು? 2023ರ ಮೇ 2ರಂದು ಒಂದೇ ದಿನದಲ್ಲಿ ಚೆಗ್ಗಿನ ಶೇರು ಅರ್ಧದಷ್ಟು ಬಿತ್ತು. 2024ರ ಕೊನೆಗೆ ಅದರ ಬೆಲೆ ಸುಮಾರು ಎರಡು ಡಾಲರ್. 2025ರ ಅಕ್ಟೋಬರಿನಲ್ಲಿ ಕಂಪೆನಿ ತನ್ನ ನೌಕರರಲ್ಲಿ ನೂರಕ್ಕೆ 45ರಷ್ಟು ಮಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಉತ್ತರವನ್ನು ಸರಕೆಂದು ಮಾರಿದವರಿಗೆ ಅದಕ್ಕಿಂತ ಅಗ್ಗದ ಸರಕು ಬಂದಾಗ ನಿಲ್ಲಲು ನೆಲ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಯಂತ್ರ ಉತ್ತರ ಹೇಳಲು ಕಲಿತದ್ದು ಅಂತರ್ಜಾಲದಲ್ಲಿ ಮನುಷ್ಯರು ಬರೆದಿಟ್ಟ ಅಪಾರ ಬರಹದಿಂದ. ಮೂವತ್ತು ವರ್ಷ ಕಾಲ ರಾತ್ರಿ ಕುಳಿತು ಗುರುತಿಲ್ಲದ ಮಕ್ಕಳಿಗೆ ಬಿಡಿಸಿ ಹೇಳಿದವರೆಲ್ಲ ತಿಳಿಯದೆಯೇ ಠೇವಣಿ ಇಟ್ಟಿದ್ದರು. ಲೆಜ್ಜರಿನಲ್ಲಿ ಅವರ ಹೆಸರಿಲ್ಲ. ಆದರೆ ಯಾವ ಭಾಷೆಯಲ್ಲಿ ಠೇವಣಿ ಹೆಚ್ಚೋ ಆ ಭಾಷೆಯಲ್ಲಿ ಯಂತ್ರದ ಕೈ ಧಾರಾಳ. ಠೇವಣಿ ಕಡಿಮೆಯಾದಲ್ಲಿ ಕೈ ಬಿಗಿ. ಇದು ನಮಗೆ ನೇರವಾಗಿ ತಟ್ಟುವ ಮಾತು.

ಗ್ರಂಥಶಾಲೆಯ ದಾರಿ

ಅಮೆರಿಕ, ಪೋಲೆಂಡುಗಳಲ್ಲಿ ವ್ಯಾಪಾರ ಬೆಳೆಯುತ್ತಿದ್ದಾಗ ನಮ್ಮ ಎರಡು ರಾಜ್ಯಗಳಲ್ಲಿ ಬೇರೊಂದು ಬಗೆಯ ಹಂಚಿಕೆ ನಡೆಯಿತು. ಕೇರಳಕ್ಕೆ ಅದರ ಹಿನ್ನೆಲೆ ಮೊದಲೇ ಇತ್ತು. 1945ರಲ್ಲಿ ಪಿ.ಎನ್. ಪಣಿಕ್ಕರ್ ಅಂಬಲಪುಳದಲ್ಲಿ 47 ಗ್ರಂಥಶಾಲೆಗಳನ್ನು ಕೂಡಿಸಿ ಕಟ್ಟಿದ ಸಂಘ ಪುಸ್ತಕವನ್ನು ಊರಿನ ಸೊತ್ತನ್ನಾಗಿ ಮಾಡಿತು. 2002ರಲ್ಲಿ ಮಲಪ್ಪುರದಲ್ಲಿ ಆರಂಭವಾದ ಅಕ್ಷಯ ಕೇಂದ್ರಗಳು ಕಂಪ್ಯೂಟರನ್ನು ಹಳ್ಳಿಗೆ ತಂದವು. 2009ರಲ್ಲಿ ಎರ್ನಾಕುಳಂ ಜಿಲ್ಲೆಯ ಶಾಲಾ ಶಿಕ್ಷಕರು ಸೇರಿ ಆರಂಭಿಸಿದ ‘ಮ್ಯಾತ್ಸ್ ಬ್ಲಾಗ್’ನಲ್ಲಿ ಪ್ರಶ್ನೆಪತ್ರಿಕೆಗಳು, ಲೆಕ್ಕಗಳು, ಅವುಗಳ ಮೇಲಿನ ಚರ್ಚೆಗಳು ಪುಕ್ಕಟೆಯಾಗಿ ಸಿಗುತ್ತಿದ್ದವು. ಒಂದೇ ಜ್ಯಾಮಿತಿಯ ಲೆಕ್ಕಕ್ಕೆ ಬೇರೆ ಬೇರೆ ಊರಿನವರು ಬೇರೆ ಬೇರೆ ದಾರಿ ತೋರಿಸುವುದನ್ನು ಅಲ್ಲಿ ಓದಬಹುದಾಗಿತ್ತು.

ಕರ್ನಾಟಕದಲ್ಲಿ 2011ರಿಂದ ಸರಕಾರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರ ವೇದಿಕೆಗಳು ರೂಪುಗೊಂಡವು. ಆ ಶಿಕ್ಷಕರೇ ಸೇರಿ ಬರೆದ ಪಾಠಸಾಮಗ್ರಿಗಳು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊರೆಯುತ್ತವೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. 2020ರ ಜೂನ್ 1ರಂದು ಕೇರಳದಲ್ಲಿ ‘ಫಸ್ಟ್ ಬೆಲ್’ ಟಿ.ವಿ. ಪಾಠಗಳು ಆರಂಭವಾದಾಗ ತಮಿಳು, ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಪ್ರತ್ಯೇಕ ಪಾಠಗಳನ್ನು ಸಿದ್ಧಪಡಿಸಿ ಯೂಟ್ಯೂಬಿಗೆ ಏರಿಸಲಾಯಿತು. ಕನ್ನಡದ ಪಾಠಗಳ ಕೆಲಸ ನಡೆದದ್ದು ಕಾಸರಗೋಡಿನಲ್ಲಿ. ಮನೆಯಲ್ಲಿ ಟಿ.ವಿ., ಮೊಬೈಲು ಇಲ್ಲದ ಮಕ್ಕಳು ರಾಜ್ಯದಲ್ಲಿ ಆಗ ಎರಡೂವರೆ ಲಕ್ಷಕ್ಕೂ ಹೆಚ್ಚೆಂದು ಲೆಕ್ಕ ಸಿಕ್ಕಿತ್ತು. ಅವರಿಗಾಗಿ ವಾಚನಾಲಯ, ಅಂಗನವಾಡಿಗಳಲ್ಲಿ ಒಟ್ಟಿಗೆ ಕುಳಿತು ಪಾಠ ನೋಡುವ ವ್ಯವಸ್ಥೆಯಾಯಿತು. ಪಣಿಕ್ಕರರ ಗ್ರಂಥಶಾಲೆ 75 ವರ್ಷದ ಮೇಲೆ ಮತ್ತೊಮ್ಮೆ ಶಾಲೆಯಾಯಿತು ಎನ್ನಬಹುದು.

ಈ ಎಲ್ಲ ಪ್ರಯತ್ನಗಳಲ್ಲೂ ಬರೆದವರು ಶಿಕ್ಷಕರು. ಮಕ್ಕಳು ನೋಡಿದವರು, ಓದಿದವರು. ಬೆಲ್ಲನ ಎಂಟು ವರ್ಷದ ಹುಡುಗ ಇಲ್ಲಿ ಕಾಣುವುದಿಲ್ಲ. ನಮ್ಮ ಕೆಲಸ ಬಾಕಿ ಉಳಿದಿರುವುದು ಅಲ್ಲಿ.

ಗಡಿನಾಡಿನ ಮಗುವಿನ ಪ್ರಶ್ನೆ

ಮಂಜೇಶ್ವರದಲ್ಲೋ ಬದಿಯಡ್ಕದಲ್ಲೋ ಕನ್ನಡ ಮಾಧ್ಯಮದಲ್ಲಿ ಓದುವ ಒಂದು ಮಗುವನ್ನು ಕಲ್ಪಿಸಿಕೊಳ್ಳಿ. ಅದರ ಕೈಯಲ್ಲಿರುವುದು ಕೇರಳದ ಪಠ್ಯಕ್ರಮ, ಕನ್ನಡದ ಪುಸ್ತಕ. ಮಂಗಳೂರಿನಿಂದ ತಂದ ಗೈಡಿನಲ್ಲಿ ಭಾಷೆ ಹೊಂದುತ್ತದೆ, ಪಾಠ ಹೊಂದುವುದಿಲ್ಲ. ಕೇರಳದ ಗೈಡಿನಲ್ಲಿ ಪಾಠ ಹೊಂದುತ್ತದೆ, ಭಾಷೆ ಬೇರೆ. ಕನ್ನಡದ ‘ತ್ರಿಭುಜ’ ಮಲಯಾಳದಲ್ಲಿ ‘ತ್ರಿಕೋಣಂ’. ನಮ್ಮ ‘ದ್ಯುತಿಸಂಶ್ಲೇಷಣೆ’ ಅವರ ‘ಪ್ರಕಾಶಸಂಶ್ಲೇಷಣಂ’. ಬಾಹುಗಳನ್ನು ಎಣಿಸಿದವರು ನಾವು, ಕೋನಗಳನ್ನು ಎಣಿಸಿದವರು ಅವರು, ಆಕೃತಿ ಒಂದೇ. ಆದರೆ ಹತ್ತನೆಯ ತರಗತಿಯ ಮಗುವಿಗೆ ಪರೀಕ್ಷೆಯ ಹಿಂದಿನ ರಾತ್ರಿ ಇಷ್ಟು ತತ್ತ್ವಚಿಂತನೆಗೆ ಪುರುಸೊತ್ತು ಇರುವುದಿಲ್ಲ.

ಇಂಥ ಮಗುವಿಗಾಗಿ ಯಾವ ಕಂಪೆನಿಯೂ ಅಂಗಡಿ ತೆರೆಯುವುದಿಲ್ಲ. ಗಿರಾಕಿಗಳ ಸಂಖ್ಯೆ ಕಡಿಮೆ. ವ್ಯಾಪಾರದ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ. ಯಂತ್ರ ಈಗ ಕನ್ನಡದಲ್ಲೂ ಉತ್ತರಿಸುತ್ತದೆ, ನಿಜ. ಆದರೆ ಅದು ಹೇಳುವ ಉತ್ತರ ಯಾವ ರಾಜ್ಯದ ಪುಸ್ತಕದ್ದು, ಬಳಸಿದ ಪರಿಭಾಷೆ ಯಾರದ್ದು ಎಂದು ಪರಿಶೀಲಿಸಬೇಕಾದರೆ ಮಗುವಿಗೆ ಮೊದಲೇ ವಿಷಯ ತಿಳಿದಿರಬೇಕು. ನಮ್ಮ ಮಕ್ಕಳ ಪಾಠಕ್ಕೆ ನಮ್ಮ ಪರಿಭಾಷೆಯಲ್ಲಿ ಬಿಡಿಸಿ ಬರೆದ ಉತ್ತರಗಳ ಠೇವಣಿಯೇ ಇಲ್ಲದಿದ್ದರೆ ಯಂತ್ರವಾದರೂ ಎಲ್ಲಿಂದ ಹಣ ಎಣಿಸೀತು?

ಆದುದರಿಂದ ಈ ಚರಿತ್ರೆಯಿಂದ ನಮಗೆ ಸಿಗುವ ಪಾಠ ಸರಳವಾಗಿದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳನ್ನು ಉತ್ತರ ಹುಡುಕುವವರಾಗಿ ಬಿಟ್ಟರೆ ಅವರು ಯಾವಾಗಲೂ ಎರಡನೆಯ ಸಾಲಿನ ಗಿರಾಕಿಗಳಾಗಿಯೇ ಇರುತ್ತಾರೆ. ಉತ್ತರ ಬರೆಯುವವರನ್ನಾಗಿ ಮಾಡಿದರೆ ಕಲಿಕೆಯೂ ಅವರ ಖಾತೆಗೆ, ಕೀರ್ತಿಯೂ ಅವರ ಹೆಸರಿಗೆ. ಪ್ರತಿ ವರ್ಷ ಒಂದೊಂದು ಪ್ರೌಢಶಾಲೆಯ ಹತ್ತನೆಯ ತರಗತಿಯವರು ಒಂದೊಂದು ಪಾಠವನ್ನು ಎಂಟನೆಯ ತರಗತಿಯ ಮಗುವಿಗೂ ತಿಳಿಯುವಂತೆ ಬಿಡಿಸಿ ಬರೆಯಲಿ. ಶಿಕ್ಷಕರು ತಿದ್ದಲಿ. ಊರಿನ ವಾಚನಾಲಯ ಅದನ್ನು ಬರೆದವರ ತರಗತಿ, ಶಾಲೆಯ ಹೆಸರಿನೊಂದಿಗೆ ಪ್ರತಿಮಾಡಿ ಇಡಲಿ, ಅಂತರ್ಜಾಲಕ್ಕೂ ಏರಿಸಲಿ. ಪಕ್ಕದ ಮಲಯಾಳ ಮಾಧ್ಯಮದ ತರಗತಿಯವರೂ ಕೈಜೋಡಿಸಿದರೆ ಎರಡೂ ಭಾಷೆಗಳ ಶಾಲಾ ಪರಿಭಾಷೆಯ ಒಂದು ಸಣ್ಣ ನಿಘಂಟು ತಾನಾಗಿಯೇ ಸಿದ್ಧವಾಗುತ್ತದೆ. ಇದಕ್ಕೆ ಬೇಕಾದ ಹಣ ಅಲ್ಪ. ಬೇಕಾದದ್ದು ವಾರಕ್ಕೆ ಒಂದು ಸಂಜೆ.

ಎರಡು ಭಾಷೆಗಳ ಈ ವಾರ್ಷಿಕವನ್ನು ಓದುವವರಿಗೆ ಕೊನೆಗೊಂದು ಶಬ್ದವನ್ನು ನೆನಪಿಸುವುದು ಸೂಕ್ತ. ಮಲಯಾಳದಲ್ಲಿ ‘ಅವಸರಂ’ ಎಂದರೆ ಅವಕಾಶ. ಕನ್ನಡದಲ್ಲಿ ‘ಅವಸರ’ ಎಂದರೆ ಗಡಿಬಿಡಿ. ಪುಕ್ಕಟೆಯಾಗಿ ಸಿಗುವ ಉತ್ತರಗಳ ಈ ಕಾಲ ನಮ್ಮ ಮಕ್ಕಳ ಮುಂದೆ ತಂದು ನಿಲ್ಲಿಸಿರುವುದು ಇದೇ ಒಂದು ಶಬ್ದವನ್ನು. ಅದನ್ನು ಯಾವ ಭಾಷೆಯ ಅರ್ಥದಲ್ಲಿ ಓದಬೇಕೆಂದು ಅವರಿಗೆ ಹೇಳಿಕೊಡುವ ಹೊಣೆ ಗಡಿನಾಡಿನ ಹಿರಿಯರಾದ ನಮ್ಮ ಮೇಲಿದೆ.